ಓದುಗರ ಪ್ರಶ್ನೆ: ಹಿಸೆಗೆ ಮೊದಲು ಆಯಿಯನ್ನು ಕೇಳಿದಿರಾ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಯ್ಯ ತೀರಿಕೊಂಡು 10 ತಿಂಗಳಾಯಿತು. 2 ಎಕರೆ ಅಡಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನಬೆಟ್ಟ ಮತ್ತು ಅಜ್ಜ ಕಟ್ಟಿಸಿದ ಮನೆ ಇವೆ. 78 ವರ್ಷದ ಆಯಿ (ತಾಯಿ) ಅಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣ ಎಲ್ಲವನ್ನೂ ಮಾರಿ ಹಣ ಹಂಚಿಕೊಳ್ಳೋಣ ಎನ್ನುತ್ತಾನೆ. ಪುಣೆಯಲ್ಲಿರುವ ತಮ್ಮನಿಗೆ ಮನೆ ಉಳಿಯಬೇಕು, ಆದರೆ ಬಂದು ಇರಲಾರ. ನನಗೇನೂ ಬೇಡವೆಂದು ಮಗಳಾದ ನಾನು ಒಮ್ಮೆ ಬಾಯಿಮಾತಿನಲ್ಲಿ ಹೇಳಿದ್ದೆ. ಈಗ ಹಳೆಯ ಸಾಮಾನು ಕೊಳ್ಳುವವರೊಬ್ಬರು ಬಂದು ತಾಮ್ರದ ಹಂಡೆ, ಕಂಚಿನ ಪಾತ್ರೆ, ಮೆತ್ತಿನ (ಅಟ್ಟದ) ಮೇಲಿರುವ ತಾಳೆಗರಿ ಕಟ್ಟು, ಬಟ್ಟೆಯ ಕಡತ ಎಲ್ಲಕ್ಕೂ ಸೇರಿಸಿ ಒಂದೇ ಬೆಲೆ ಹೇಳಿ ಹೋಗಿದ್ದಾರೆ. ಏನು ಮಾಡುವುದು?
– ಹೆಸರು ಬೇಡ, ಕುಮಟಾ

ಉತ್ತರ: ನಿಮ್ಮ ಪತ್ರದಲ್ಲಿ ಅಣ್ಣನ ಮಾತಿದೆ, ತಮ್ಮನ ಮಾತಿದೆ, ವ್ಯಾಪಾರಿಯ ಮಾತೂ ಇದೆ. ಆಯಿ ಏನು ಹೇಳಿದರೆಂಬುದು ಮಾತ್ರ ಎಲ್ಲಿಯೂ ಇಲ್ಲ. ಅವರನ್ನು ಯಾರು ನೋಡಿಕೊಳ್ಳಬೇಕು ಎಂಬ ಚರ್ಚೆ ಮನೆಯಲ್ಲಿ ನಡೆದಿರಬಹುದು, ಆದರೆ ಅವರು ಈ ಆಸ್ತಿಯ ಒಡತಿಯರಲ್ಲಿ ಒಬ್ಬರು ಎಂಬುದನ್ನು ನೀವು ಮೂವರೂ ಮರೆತಂತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ನಿಮ್ಮ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಆಯಿಗೂ ನಿಮ್ಮ ಮೂವರಿಗೂ ತಲಾ ನಾಲ್ಕನೇ ಒಂದು ಪಾಲು ಬರುತ್ತದೆ. ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ, ಅದನ್ನು ಕಾಗದಪತ್ರ ನೋಡಿದ ವಕೀಲರೇ ಹೇಳಬೇಕು. ಆದರೆ ಅಲ್ಲಿಯೂ ನಿಮ್ಮ ಪಾಲು ಅಣ್ಣತಮ್ಮಂದಿರ ಪಾಲಿಗಿಂತ ಕಡಿಮೆಯಲ್ಲ. 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಆ ಹಕ್ಕು ಕೊಟ್ಟಿದೆ, ಮತ್ತು ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನೀವು ಬಾಯಿಮಾತಿನಲ್ಲಿ ಬೇಡವೆಂದದ್ದರಿಂದ ಹಕ್ಕು ಹೋಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವುದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವೇ ಬೇಕು. ಅದಕ್ಕೆ ಒಮ್ಮೆ ಸಹಿ ಹಾಕಿದ ಮೇಲೆ ಮನಸ್ಸು ಬದಲಾಯಿತೆಂದು ಹಿಂದೆಗೆಯಲು ಬರುವುದಿಲ್ಲ. ಬಿಡಲೇಬೇಕೆಂದು ನಿಮಗೆ ಮನಸ್ಸಿದ್ದರೆ ಬಿಡಿ, ಆದರೆ ಆಯಿಯ ಜೀವನಕ್ಕೆ ವ್ಯವಸ್ಥೆ ಬರವಣಿಗೆಯಲ್ಲಿ ಆಗುವ ತನಕ ಬಿಡಬೇಡಿ. ನಿಮ್ಮ ಪಾಲು ನಿಮ್ಮ ಕೈಯಲ್ಲಿರುವಷ್ಟು ದಿನ ಅವರ ಪರವಾಗಿ ಮಾತಾಡಲು ನಿಮಗೊಂದು ಬಲವಿರುತ್ತದೆ.

ತೋಟದ ವಿಷಯದಲ್ಲಿ ಅವಸರ ಬೇಡ. ಮೊದಲು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೊಟ್ಟು ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿ ನಾಲ್ವರ ಹೆಸರನ್ನೂ ಪಹಣಿಗೆ ತನ್ನಿ, ತಂದೆಯ ಹೆಸರಿನಲ್ಲಿ ಸೊಸೈಟಿಯ ಬೆಳೆಸಾಲವಿದ್ದರೆ ಅದರ ಬಾಕಿಯನ್ನೂ ಕೇಳಿ ತಿಳಿಯಿರಿ. ಆಮೇಲೆ ಹಿಸೆ ಮಾಡುವುದಾದರೆ ಭೂಮಾಪಕರಿಂದ ಪಾಲುಗಳ ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರವನ್ನು ನೋಂದಾಯಿಸಬೇಕಾಗುತ್ತದೆ. ಆ ಪತ್ರದಲ್ಲಿ ಗುಂಟೆ ಲೆಕ್ಕದ ಜೊತೆಗೆ ನೀರು ಮತ್ತು ಹಾದಿಯನ್ನು ಬರೆಸಲು ಮರೆಯಬೇಡಿ. ನಮ್ಮ ಕಡೆಯ ತೋಟಗಳಿರುವುದು ಕಣಿವೆಯಲ್ಲಿ. ಮೇಲಿನ ಪಾಲಿನವರು ಕಾದಿಗೆ (ತೋಟದ ನೀರಿನ ಕಾಲುವೆ) ತಿರುಗಿಸಿದರೆ ಕೆಳಗಿನ ಪಾಲು ಬೇಸಿಗೆಯಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಕೊಳೆಯುತ್ತದೆ. ಅಡಕೆಯ ಕೊನೆ ಹೊತ್ತು ತರುವ ಹಾದಿ, ಅಡಕೆ ಒಣಗಿಸುವ ಅಂಗಳ, ಬಾವಿಯ ಪಂಪು ಇವುಗಳಲ್ಲಿ ಯಾರಿಗೆ ಎಷ್ಟು ಹಕ್ಕೆಂಬುದನ್ನು ಒಂದೊಂದಾಗಿ ಬರೆಯಿಸಿ. ಅಣ್ಣತಮ್ಮಂದಿರ ನಡುವೆ ಇದನ್ನೆಲ್ಲ ಬರೆಯಬೇಕೇ ಎಂಬ ದಾಕ್ಷಿಣ್ಯದಿಂದ ಬಿಟ್ಟದ್ದೇ ಮುಂದಿನ ತಲೆಮಾರಿಗೆ ವ್ಯಾಜ್ಯವಾಗುತ್ತದೆ. ಸೊಪ್ಪಿನಬೆಟ್ಟವನ್ನು ಬೇರೆಯಾಗಿ ಮಾರುವ ಯೋಚನೆ ಅಣ್ಣನಿಗಿದ್ದರೆ ಅದು ಆಗುವ ಮಾತಲ್ಲ. ತೋಟದ ಎಕರೆಗೆ ಗರಿಷ್ಠ 9 ಎಕರೆಯಂತೆ ಸೊಪ್ಪು, ದರಕಿಗಾಗಿ (ಒಣ ಎಲೆಗಾಗಿ) ಬಿಟ್ಟುಕೊಟ್ಟ ಸರ್ಕಾರಿ ಭೂಮಿ ಅದು, ನಮಗಿರುವುದು ಬಳಕೆಯ ಸವಲತ್ತು ಮಾತ್ರ, ಅದು ತೋಟದೊಡನೆಯೇ ಹೋಗುತ್ತದೆ. ಅಣ್ಣ ತನ್ನ ಪಾಲನ್ನು ಮಾರಲೇಬೇಕೆಂದರೆ ಹೊರಗಿನವರಿಗಿಂತ ಮೊದಲು ನಿಮಗೆ ಕೊಡಬೇಕೆಂದು ಕೇಳುವ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲಿದೆ. ಅದು ಕೃಷಿಭೂಮಿಗೂ ಅನ್ವಯಿಸುತ್ತದೆಂದು 2019ರಲ್ಲಿ ತೀರ್ಪಾಗಿದೆ.

ಇನ್ನು ಮನೆಯ ಸಾಮಾನು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಎಲ್ಲಕ್ಕೂ ಸೇರಿಸಿ ಒಂದೇ ಬೆಲೆ ಹೇಳಿದ್ದಾರೆಂದರೆ ಯಾವುದಕ್ಕೆ ಎಷ್ಟೆಂದು ನಿಮಗೆ ತಿಳಿಯಬಾರದೆಂಬುದೇ ಅದರ ಅರ್ಥ. ಹಂಡೆಯನ್ನು ತೂಕಕ್ಕೆ ಹಾಕಿ ತಾಳೆಗರಿಯನ್ನು ಪುಕ್ಕಟೆಯಾಗಿ ಒಯ್ಯುವ ದಾರಿ ಅದು. 75 ವರ್ಷಕ್ಕಿಂತ ಹಳೆಯದಾದ, ವಿದ್ಯೆ ಇತಿಹಾಸಗಳ ದೃಷ್ಟಿಯಿಂದ ಮೌಲ್ಯವುಳ್ಳ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯಡಿ ಪುರಾವಸ್ತುವೇ ಆಗುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಕಟ್ಟನ್ನು ಬಿಚ್ಚುವಾಗ ಜಾಗ್ರತೆ ಇರಲಿ. ದಾರ ಶಿಥಿಲವಾಗಿದ್ದರೆ ಗರಿಗಳ ಕ್ರಮ ತಪ್ಪುತ್ತದೆ, ಬಿಸಿಲಿಗೆ ಹಾಕಿದರೆ ಗರಿ ಸೆಟೆದು ಸೀಳುತ್ತದೆ. ಕಡತವನ್ನಂತೂ ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಹುಣಸೆಬೀಜದ ಸರಿ ಮತ್ತು ಇದ್ದಿಲು ಸವರಿದ ಬಟ್ಟೆಯ ಮೇಲೆ ಬಳಪದಿಂದ ಬರೆದದ್ದು ಅದು, ಧೂಳು ಹೋಗಲೆಂದು ಒಮ್ಮೆ ಕೈಯಾಡಿಸಿದರೆ ಅಜ್ಜನ ಅಜ್ಜ ಬರೆದಿಟ್ಟ ಲೆಕ್ಕ ಧೂಳಿನೊಡನೆಯೇ ಹೋಗಿಬಿಡುತ್ತದೆ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವನ್ನೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ವಿಚಾರಿಸಿ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು, ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಆ ಸಂಸ್ಥೆಗೆ, ಆಗಿನ ಪ್ರಾಚ್ಯ ಗ್ರಂಥಾಲಯಕ್ಕೆ, ತಂದುಕೊಟ್ಟ ತಾಳೆಗರಿಯಲ್ಲಿ. ನಿಮ್ಮ ಮೆತ್ತಿನ ಕಟ್ಟಿನಲ್ಲಿರುವುದು ಬರಿಯ ಪೂಜಾವಿಧಿಯೇ ಆಗಿರಬಹುದು, ಆದರೂ ಓದಬಲ್ಲವರು ಒಮ್ಮೆ ನೋಡುವ ತನಕ ಅದು ಮನೆ ಬಿಟ್ಟು ಹೋಗಬಾರದು.

ಉಳಿದ ಪಾತ್ರೆಪಗಡಿಗಳಿಗೆ ಕಾನೂನಿಗಿಂತ ಆಯಿಯ ನೆನಪು ಮುಖ್ಯ. ಅವರನ್ನು ಜಗಲಿಯಲ್ಲಿ ಕೂರಿಸಿ ಒಂದೊಂದೇ ವಸ್ತುವನ್ನು ಅವರ ಮುಂದೆ ತನ್ನಿ. ಈ ಗಿಂಡಿ ತವರಿನಿಂದ ಬಂದದ್ದು, ಈ ಮೆಟ್ಟುಗತ್ತಿಯಲ್ಲಿ ಅತ್ತೆ ಅಡಕೆ ಸುಲಿಯುತ್ತಿದ್ದರು ಎಂದು ಅವರು ಹೇಳುವುದನ್ನು ಹಾಗೆಯೇ ಬರೆದುಕೊಳ್ಳಿ, ಫೋಟೊ ತೆಗೆದಿಡಿ. ಅವರ ಬಂಗಾರ ಮತ್ತು ತವರಿನ ಸಾಮಾನು ಸ್ತ್ರೀಧನ, ಅದನ್ನು ಹಿಸೆಯ ಪಟ್ಟಿಗೆ ಸೇರಿಸಲೇಬೇಡಿ. ಮಿಕ್ಕದ್ದರಲ್ಲಿ ಮೊದಲ ಆಯ್ಕೆ ಅವರದ್ದಾಗಲಿ, ಆಮೇಲೆ ನೀವು ಮೂವರು ಸರದಿಯಂತೆ ಒಂದೊಂದು ಎತ್ತಿಕೊಳ್ಳಿ. ದೇವರ ಪೆಟ್ಟಿಗೆಯನ್ನು ಹಂಚುವಂತಿಲ್ಲ, ನಿತ್ಯ ಪೂಜೆ ಮಾಡುತ್ತೇನೆಂದು ಒಪ್ಪಿದವರ ಮನೆಗೆ ಅದು ಹೋಗಲಿ.

ಮುಂದಿನ ಎರಡು ತಿಂಗಳಲ್ಲಿ ತಂದೆಯ ವರ್ಷಾಂತದ ಕರ್ಮಕ್ಕೆ ಹೇಗೂ ಎಲ್ಲರೂ ಸೇರುತ್ತೀರಿ. ಕರ್ಮ ಮುಗಿದ ಮೇಲೆ ಅಣ್ಣತಮ್ಮಂದಿರನ್ನು ಎರಡು ದಿನ ಉಳಿಸಿಕೊಂಡು ಈ ಕೆಲಸ ಮಾಡಿ. ಅಲ್ಲಿಯವರೆಗೆ ಯಾವ ಸಾಮಾನನ್ನೂ ಕೊಡುವುದಿಲ್ಲವೆಂದು ಆ ವ್ಯಾಪಾರಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ.