ವೈಪರ್ ನಿಲ್ಲುತ್ತಿಲ್ಲವೇ? ಮೊದಲು ವೇಗ ಹೇಳಿ

ಮಳೆಗಾಲ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಫ್ಯೂಸ್ ಬಾಕ್ಸ್ ಎಲ್ಲಿದೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಪುಟ್ಟ ಸ್ವಿಚ್ಚು) ಹೇಗಿರುತ್ತದೆ ಅಂತ ಮಾತ್ರ ಕೇಳಬೇಡಿ. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ, ತೆಗೆದು ನೋಡಿ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದರೂ ವೈಪರ್ ಓಡುತ್ತಲೇ ಇರುತ್ತದೆ. ಇಗ್ನಿಷನ್ ಆಫ್ ಮಾಡಿದರೆ ಗಾಜಿನ ಮಧ್ಯದಲ್ಲೇ ನಿಂತುಬಿಡುತ್ತದೆ. ಮೋಟರ್ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಬದಲಿಸಲೇ?

ತಡೆಯಿರಿ. ಯಾವ ವೇಗದಲ್ಲಿ ಓಡುತ್ತಿದೆ? ನಿಧಾನವಾಗಿಯೋ, ಜೋರಾಗಿಯೋ, ಬಿಟ್ಟು ಬಿಟ್ಟೋ? ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ. ನಿಮ್ಮ ಮೆಕ್ಯಾನಿಕ್ ಅದನ್ನು ಕೇಳದೆಯೇ ಮೋಟರ್ ಎಂದಿದ್ದರೆ, ಸುಮ್ನೆ ಊಹೆ ಮಾಡುತ್ತಿದ್ದಾರೆ ಅಷ್ಟೇ.

ವೈಪರ್ ಸ್ವಿಚ್ ಆಫ್ ಮಾಡಿದ ಕೂಡಲೇ ಮೋಟರಿಗೆ ಕರೆಂಟ್ ನಿಲ್ಲುವುದಿಲ್ಲ. ನಿಂತರೆ ಬ್ಲೇಡು ನಿಮ್ಮ ಕಣ್ಣೆದುರೇ ನಿಂತುಬಿಡುತ್ತದೆ ಅಲ್ವಾ? ಅದಕ್ಕೇ ಮೋಟರಿನ ಗೇರ್ ಪೆಟ್ಟಿಗೆಯೊಳಗೆ ಇನ್ನೊಂದು ಸ್ವಿಚ್ ಇದೆ, ಪಾರ್ಕ್ ಸ್ವಿಚ್. ಬ್ಲೇಡು ಕೆಳಗೆ ತನ್ನ ಜಾಗ ಸೇರುವವರೆಗೆ ಅದು ಕರೆಂಟ್ ಕೊಡುತ್ತಲೇ ಇರುತ್ತದೆ. ಜಾಗ ಸೇರಿದ ಕೂಡಲೇ ಕರೆಂಟ್ ಕಡಿದು, ಮೋಟರಿಗೆ ಕರೆಂಟ್ ಕೊಡುತ್ತಿದ್ದ ವೈರನ್ನೇ ಅರ್ತಿಗೆ, ಅಂದರೆ ಕಾರಿನ ಲೋಹದ ಮೈಗೆ, ಸೇರಿಸುತ್ತದೆ. ಆಗ ಮೋಟರ್ ಬ್ರೇಕ್ ಹಾಕಿದ ಹಾಗೆ ಗಕ್ಕನೆ ನಿಲ್ಲುತ್ತದೆ.

ಸಾಮಾನ್ಯ ಎರಡು ವೇಗದ ಮೋಟರುಗಳಲ್ಲಿ ಪಾರ್ಕ್ ಸ್ವಿಚ್ಚಿನ ಕರೆಂಟ್ ಹೋಗುವುದು ನಿಧಾನದ ವೈರಿಗೆ. ಹಾಗಾಗಿ ಆಫ್‌ನಲ್ಲಿಟ್ಟರೂ ನಿಮ್ಮ ವೈಪರ್ ಜೋರಾಗಿ ಓಡುತ್ತಿದ್ದರೆ ಪಾರ್ಕ್ ಸ್ವಿಚ್ಚಿನ ತಪ್ಪಲ್ಲ. ಸ್ಟೇರಿಂಗ್ ಪಕ್ಕದ ಸ್ವಿಚ್ಚು, ರಿಲೇ ಅಥವಾ ವೈರಿಂಗ್ ನೋಡಿ. ಬಿಟ್ಟು ಬಿಟ್ಟು ಓಡುತ್ತಿದ್ದರೂ ಅಷ್ಟೇ. ನಿಧಾನವಾಗಿ ಎಡೆಬಿಡದೆ ಓಡುತ್ತಿದ್ದರೆ ಮಾತ್ರ ಎಲ್ಲರ ಮೇಲೂ ಅನುಮಾನ.

ಆಗ ಹೀಗೆ ಮಾಡಿ. ಇಗ್ನಿಷನ್ ಆಫ್ ಮಾಡಿ ಮೋಟರಿನ ಕನೆಕ್ಟರ್ ಬಿಚ್ಚಿ. ಇಗ್ನಿಷನ್ ಹಾಕಿ, ವೈಪರ್ ಸ್ವಿಚ್ ಆಫ್‌ನಲ್ಲೇ ಇಟ್ಟು, ಕಾರಿನ ಕಡೆಯ ವೈರುಗಳಲ್ಲಿ ವೋಲ್ಟೇಜ್ ನೋಡಿ. ನಿಧಾನದ ವೈರಿನಲ್ಲಾಗಲಿ ಜೋರಿನ ವೈರಿನಲ್ಲಾಗಲಿ 12 ವೋಲ್ಟ್ ಬಂದರೆ ಕರೆಂಟ್ ಹಿಂದಿನಿಂದಲೇ (ಸ್ವಿಚ್ಚು, ರಿಲೇ ಅಥವಾ ವೈರಿಂಗ್ ಕಡೆಯಿಂದ) ಬರುತ್ತಿದೆ, ಮೋಟರ್ ಪಾಪ ಏನೂ ಮಾಡಿಲ್ಲ. ಎರಡರಲ್ಲೂ ಸೊನ್ನೆ ಇದ್ದರೆ ಪಾರ್ಕ್ ಸ್ವಿಚ್ ಅಥವಾ ಅರ್ತ್. ಇನ್ನೊಂದು ವೈರಿನಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ. ಅದು ಪಾರ್ಕ್ ಸ್ವಿಚ್ಚಿಗೇ ಬರುವ ಕರೆಂಟ್, ಇರಲೇಬೇಕು. ಅದನ್ನು ನೋಡಿ "ಶಾರ್ಟ್ ಆಗಿದೆ" ಎಂದು ಪೂರ್ತಿ ವೈರಿಂಗ್ ಕಿತ್ತವರನ್ನು ನಾನು ಕಂಡಿದ್ದೇನೆ. ಯಾವ ವೈರ್ ಯಾವುದೆಂದು ನಿಮ್ಮ ಕಾರಿನ ವೈರಿಂಗ್ ಚಿತ್ರ ಇಟ್ಟುಕೊಂಡೇ ನೋಡಿ, ಬಣ್ಣ ನೋಡಿ ಊಹಿಸಬೇಡಿ. ಮೋಟರಿನೊಳಗೇ ಎಲೆಕ್ಟ್ರಾನಿಕ್ಸ್ ಇರುವ ಹೊಸ ಕಾರುಗಳಿಗೆ ಈ ಪರೀಕ್ಷೆ ನಡೆಯದು, ಅಲ್ಲಿ ಸ್ಕ್ಯಾನರ್ ಬೇಕು.

ಅರ್ತ್ ಅಂದೆ, ಅದನ್ನು ಜಾಸ್ತಿ ಜನ ಮರೆಯುತ್ತಾರೆ. ಅರ್ತ್ ಸರಿಯಿಲ್ಲದಿದ್ದರೆ ಬ್ರೇಕ್ ಬೀಳುವುದಿಲ್ಲ. ಮೋಟರ್ ಓಡಿದ ರಭಸಕ್ಕೇ ನಿಲ್ಲುವ ಜಾಗ ದಾಟುತ್ತದೆ, ದಾಟಿದ ಕೂಡಲೇ ಮತ್ತೆ ಕರೆಂಟ್ ಸಿಗುತ್ತದೆ, ಮತ್ತೊಂದು ಸುತ್ತು. ಗಾಜು ಒಣಗಿದ್ದಾಗ ನಿಂತು, ಒದ್ದೆಯಾದಾಗ ನಿಲ್ಲದಿದ್ದರೆ ಮೊದಲು ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ. ಒಂದು ಮರಳು ಕಾಗದದ ಕೆಲಸ. ಹಾಗೆಯೇ ಗಾಜಿನ ಬುಡದ ಕಸ, ಎಲೆ ತೆಗೆಯಿರಿ. ಅಲ್ಲಿ ನೀರು ನಿಂತು ಮೋಟರಿನೊಳಗೆ ಇಳಿದೇ ಪಾರ್ಕ್ ಸ್ವಿಚ್ಚಿನ ತಗಡು ಹಾಳಾಗುವುದು.

ರಿಲೇ ಕಿತ್ತಾಗ ವೈಪರ್ ನಿಂತರೆ ರಿಲೇಯೇ ಕೆಟ್ಟಿದೆ ಎಂದು ಹಾರಬೇಡಿ. ಅದಕ್ಕೆ ಆಜ್ಞೆ ಕೊಡುವ ಸ್ವಿಚ್ಚೂ ಕೆಟ್ಟಿರಬಹುದು. ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. "ಅದೇ ನಂಬರ್" ಅಂದೆ, ಅದೇ ಆಕಾರ ಅಲ್ಲ. ಬಿಟ್ಟು ಬಿಟ್ಟು ಓಡಿಸುವ ರಿಲೇಯೊಳಗೆ ಬೇರೆ ಸರ್ಕ್ಯೂಟೇ ಇರುತ್ತದೆ, ಹಾರ್ನ್ ರಿಲೇ ಅಲ್ಲಿ ಕೂಡಬಹುದು, ಕೆಲಸ ಮಾಡದು. ರಿಲೇಗೆ ಸ್ಕ್ರೂಡ್ರೈವರಿನಲ್ಲಿ ಕುಟ್ಟಿ "ಸರಿ ಮಾಡುವ" ವೀಡಿಯೊ ವೀರರಿಗೆ ನನ್ನ ನಮಸ್ಕಾರ. ಅಂಟಿಕೊಂಡ ಕಾಂಟ್ಯಾಕ್ಟ್ ಕುಟ್ಟಿದರೆ ಬಿಡುತ್ತದೆ ನಿಜ. ಮುಂದಿನ ಮಳೆಗೆ ಮತ್ತೆ ಅಂಟುತ್ತದೆ.

ಸ್ಟೇರಿಂಗ್ ಪಕ್ಕದ ಸ್ವಿಚ್ಚನ್ನು ನೀವೇ ಬಿಚ್ಚಲು ನಾನು ಹೇಳುವುದಿಲ್ಲ. ಹಲವು ಕಾರುಗಳಲ್ಲಿ ಸ್ಟೇರಿಂಗ್ ತೆಗೆಯಬೇಕು, ಅದರೊಳಗೆ ಏರ್‌ಬ್ಯಾಗ್ ಇದೆ. ಬ್ಯಾಟರಿ ಬಿಚ್ಚಿ ಕಾಯಬೇಕಾದ ಹೊತ್ತು, ಬಿಚ್ಚುವ ಕ್ರಮ ಎರಡೂ ಗೊತ್ತಿದ್ದವರೇ ಮಾಡಲಿ. ನನ್ನನ್ನು ಪುಕ್ಕಲ ಅಂದರೂ ಪರವಾಗಿಲ್ಲ.

ಅಲ್ಲಿಯವರೆಗೆ? ಒಣ ಗಾಜಿನ ಮೇಲೆ ಓಡಿಸಬೇಡಿ, ಧೂಳು ಗೀರುತ್ತದೆ. ವೈಪರ್ ಫ್ಯೂಸ್ ಕಿತ್ತಿಡಿ. ಆದರೆ ಮಳೆ ಬಂದರೆ ವೈಪರ್ ಇರುವುದಿಲ್ಲ ಎಂಬುದು ನೆನಪಿರಲಿ. ಮೋಡ ಇದ್ದರೆ ಕಾರನ್ನೇ ತೆಗೆಯಬೇಡಿ.

ಪ್ರಶ್ನೆ: ಓಡುತ್ತಿರುವ ವೈಪರನ್ನು ಕೈಯಲ್ಲಿ ಹಿಡಿದು ನಿಲ್ಲಿಸಬಹುದೇ?

ಗೇರಿನ ಹಲ್ಲು ಮುರಿಯಬೇಕಿದ್ದರೆ ಹಿಡಿಯಿರಿ. ಬಾನೆಟ್ ಕೆಳಗಿನ ಸರಳುಗಳ ನಡುವೆಯಂತೂ ಬೆರಳು ಹಾಕಲೇಬೇಡಿ. ನನ್ನ ಹೆಬ್ಬೆರಳಿನ ಉಗುರು ಅಲ್ಲೇ ಹೋದದ್ದು.

ಪ್ರಶ್ನೆ: ಫ್ಯೂಸ್ ಪದೇ ಪದೇ ಸುಡುತ್ತದೆ, ದೊಡ್ಡದು ಹಾಕಲೇ?

ಹಾಕಿದರೆ ಮುಂದಿನ ಸಲ ವೈರ್ ಸುಡುತ್ತದೆ.

ಪ್ರಶ್ನೆ: ಹೊಸ ಗಾಜು ಹಾಕಿಸಿದ ಮೇಲೆ ಮಳೆಯಿಲ್ಲದಿದ್ದರೂ ವೈಪರ್ ತಾನಾಗಿ ಓಡುತ್ತದೆ. ಆಫ್ ಮಾಡಿದರೆ ನಿಲ್ಲುತ್ತದೆ.

ಸ್ವಿಚ್ ಆಟೋದಲ್ಲಿದ್ದಾಗ ಮಾತ್ರ ಹೀಗಾಗುತ್ತಿದ್ದರೆ ಮಳೆ ಸೆನ್ಸರ್ ನೋಡಿಸಿ. ಸೆನ್ಸರಿಗೂ ಗಾಜಿಗೂ ನಡುವೆ ಗಾಳಿಗುಳ್ಳೆ ಉಳಿದಿರಬಹುದು. ಗಾಜು ಹಾಕಿದವರ ಹತ್ತಿರವೇ ಹೋಗಿ.

ಪ್ರಶ್ನೆ: ನೀರು ಚಿಮ್ಮಿಸಿ ಒರೆಸಿದ ಮೇಲೆ, ಕೆಲವು ಸೆಕೆಂಡು ಬಿಟ್ಟು ಇನ್ನೊಂದು ಸಲ ತಾನಾಗಿ ಒರೆಸುತ್ತದೆ. ಕೆಟ್ಟಿದೆಯೇ?

ಇಲ್ಲ. ಉಳಿದ ಹನಿ ಒರೆಸಲು ಹಲವು ಕಾರುಗಳಲ್ಲಿ ಹಾಗೆಯೇ ಮಾಡಿರುತ್ತಾರೆ. ಮೇಲೆ ಹೇಳಿದ ಪುಸ್ತಕದಲ್ಲಿ ಇದೂ ಇದೆ.