ಪ್ರತಿಕ್ರಿಯೆ: ಸೀರಿಯಲ್ ನೋಡದೆ ಎಕ್ಸ್-ಫೈಲ್ಸ್ ಗೇಮ್ ಆಡಬಹುದಾ?

ಸೀರಿಯಲ್ ನೋಡಿಲ್ಲ, ಮಡಿಕೇರಿ ಮಳೆಯಲ್ಲಿ ಮನೆಯಲ್ಲೇ ಕೂತು ಆಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಡಿ. 1998ರ ಈ ಗೇಮ್‌ನಲ್ಲಿ ನೀವು ಸೀರಿಯಲ್‌ನ ಮುಖ್ಯ ಪಾತ್ರಗಳಾದ, ವಿಚಿತ್ರ ಕೇಸುಗಳನ್ನು ತನಿಖೆ ಮಾಡುವ ಎಫ್‌ಬಿಐ ಏಜೆಂಟರಾದ ಮಲ್ಡರ್ ಅಲ್ಲ, ಸ್ಕಲ್ಲಿಯೂ ಅಲ್ಲ. ಅವರಿಬ್ಬರೂ ಕಾಣೆಯಾಗಿರುತ್ತಾರೆ, ಹುಡುಕುವ ಕೆಲಸ ಸಿಯಾಟಲ್‌ನ ಎಫ್‌ಬಿಐ ಏಜೆಂಟ್ ಕ್ರೇಗ್ ವಿಲ್ಮೋರ್‌ದು. ಅವನಿಗೂ ಈ ಲೋಕ ಹೊಸದು, ಹಾಗಾಗಿ ನಿಮಗೆ ತೊಂದರೆ ಇಲ್ಲ.

ಇದರಲ್ಲಿ ಗ್ರಾಫಿಕ್ಸ್‌ಗಿಂತ ನಿಜವಾದ ನಟರ ವಿಡಿಯೋನೇ ಜಾಸ್ತಿ. ಅದಕ್ಕೇ ಪಿಸಿಗೆ 7 ಸಿಡಿ, ಪ್ಲೇಸ್ಟೇಷನ್‌ಗೆ 4! ಮಲ್ಡರ್, ಸ್ಕಲ್ಲಿ ಪಾತ್ರ ಮಾಡಿದ ಡೇವಿಡ್ ಡುಕೋವ್ನಿ, ಜಿಲಿಯನ್ ಆಂಡರ್ಸನ್ ಇಬ್ಬರೂ ಇದ್ದಾರೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಅವರಿಗೋಸ್ಕರವೇ ಆಡುವುದಾದರೆ ಸುಮ್ನೆ ಬೇಜಾರಾಗುತ್ತೆ.

ಕಷ್ಟ ಇರುವುದು ಸುಳಿವು ಹುಡುಕುವುದರಲ್ಲಿ. ಗೋದಾಮಿಗೆ ಹೋದಾಗ ಆತುರ ಬೇಡ. ಕಾಫಿ ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುವ ಹಾಗೆ, ಪರದೆಯ ಮೂಲೆಮೂಲೆಗೂ ಮೌಸ್ ಓಡಿಸಬೇಕು. ಒಂದು ಚಿಕ್ಕ ವಸ್ತು ತಪ್ಪಿದರೂ ಕತೆ ಅಲ್ಲೇ ನಿಂತುಬಿಡುತ್ತೆ. ಇದು ನನಗೆ ಇಷ್ಟವಾಗದ ಭಾಗ. ಯಾರ ಜೊತೆ ಹೇಗೆ ಮಾತಾಡುತ್ತೀರಿ ಅನ್ನುವುದರ ಮೇಲೆ ಅವರ ವರ್ತನೆ ಬದಲಾಗುವುದು ಮಾತ್ರ ಚೆನ್ನಾಗಿದೆ.

ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಹೇಗೆ ಅಂತ ಗೊತ್ತಲ್ವಾ? ಆಗಾಗ ಸೇವ್ ಮಾಡ್ತಾ ಇರಿ.