ಬಾಗಿಲಿಗೆ ಬರುವ ಮಕ್ಕಳು ಮತ್ತು ಶೇಂಗಾ ಉಂಡೆ

ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ, ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಸಂಜೆ ವೇಷ ತೊಟ್ಟು ಬಂದ ಮಕ್ಕಳಿಗೆ ನೀವೇ ಕಟ್ಟಿದ ಶೇಂಗಾ ಉಂಡೆ ಕೊಡಹೋದರೆ ಮಗಳು ತಡೆದಳೆಂದೂ, ಮೊಮ್ಮಗಳನ್ನು ಬೀದಿಗೆ ಬಿಡದೆ ಯಾವುದೋ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದರೆಂದೂ, ಮನೆಮನೆ ಬೇಡುವ ಈ ಪದ್ಧತಿಯನ್ನು ಚಾಕೊಲೇಟ್ ಕಂಪನಿಗಳೇ ಹುಟ್ಟುಹಾಕಿರಬೇಕೆಂದೂ ಧಾರವಾಡದಿಂದ ಬರೆದಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಊಹೆಯನ್ನು ಮಾತ್ರ ಒಪ್ಪಲಾರೆವು.

ಕಂಪನಿಗಳು ಬಂದದ್ದು ಬಹಳ ತಡವಾಗಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಈ ಹಬ್ಬದ ದಿನಗಳಲ್ಲಿ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ ಸಣ್ಣ ಕೇಕು ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ವೇಷದ ಮಕ್ಕಳು ಹಾಡನ್ನೋ ಪದ್ಯವನ್ನೋ ಒಪ್ಪಿಸಿದರೆ ಸೇಬೋ ಚಿಲ್ಲರೆ ಕಾಸೋ ಸಿಗುತ್ತಿತ್ತು. ಅದನ್ನು ಬೇಡುವುದೆನ್ನಲಾಗದು. ವಲಸಿಗರೊಡನೆ ಅಟ್ಲಾಂಟಿಕ್ ದಾಟಿದ ಮೇಲೆ ಹಾಡು ಹಿಂದೆ ಸರಿದು ಪುಂಡಾಟ ಮುಂದೆ ಬಂತು. 1920, 30ರ ದಶಕಗಳಲ್ಲಿ ಗೇಟು ಕಿತ್ತೊಯ್ಯುವ, ಕಿಟಕಿಗೆ ಸೋಪು ಬಳಿಯುವ ಹುಡುಗರು ಊರಿಗೇ ತಲೆನೋವಾಗಿದ್ದರು. ಹೋಳಿಗೆ ಕಟ್ಟಿಗೆ, ಕುಳ್ಳು ಕದಿಯುವವರನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ. ತಿಂಡಿ ಕೊಟ್ಟರೆ ಕಿತಾಪತಿ ಮಾಡುವುದಿಲ್ಲವೆಂಬ ‘ಟ್ರಿಕ್ ಆರ್ ಟ್ರೀಟ್’ ಕರಾರು ಬೇರೂರಿದ್ದು ಆ ಕಾಲದಲ್ಲಿ.

ಅಮೆರಿಕದಲ್ಲಿ 1942ರಿಂದ 1947ರವರೆಗೆ ಸಕ್ಕರೆ ಪಡಿತರವಿತ್ತು. ಅದು ಮುಗಿದು ಹೊಸ ಬಡಾವಣೆಗಳು ಎದ್ದಾಗ ಆಚರಣೆ ಎಲ್ಲೆಡೆ ಹಬ್ಬಿತು. ಆ ಪೀಳಿಗೆಯ ಮಕ್ಕಳು ದೊಡ್ಡವರ ಕಾವಲಿಲ್ಲದೆ ಗುಂಪಾಗಿ ತಿರುಗುತ್ತಿದ್ದರು. ಗೃಹಿಣಿಯರು ತಾವೇ ಮಾಡಿದ ಪಾಪ್‌ಕಾರ್ನ್ ಉಂಡೆ, ಬಿಸ್ಕತ್ತು ಹಂಚುತ್ತಿದ್ದರು. ಆಗ ನಿಮ್ಮ ಉಂಡೆಗೂ ಜಾಗವಿತ್ತು.

ಅದನ್ನು ಕಳೆದದ್ದು ಭಯ. 1974ರಲ್ಲಿ ಟೆಕ್ಸಸ್‌ನ ಡಿಯರ್ ಪಾರ್ಕ್‌ನಲ್ಲಿ ಒಬ್ಬ ಬಾಲಕ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತ. ವಿಷವಿಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಸ್ವಂತ ತಂದೆ. 1982ರಲ್ಲಿ ಶಿಕಾಗೋ ಸುತ್ತಮುತ್ತ ವಿಷ ಬೆರೆತ ಟೈಲೆನಾಲ್ ಎಂಬ ನೋವುನಿವಾರಕ ಮಾತ್ರೆಗಳಿಂದ ಏಳು ಮಂದಿ ಸತ್ತರು. ಹಬ್ಬಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ತಾಯಂದಿರು ಚೀಲ ಸುರಿದು ಪರೀಕ್ಷಿಸತೊಡಗಿದರು, ಆಸ್ಪತ್ರೆಗಳು ಮಿಠಾಯಿಗೆ ಎಕ್ಸ್‌ರೇ ತೆಗೆದುಕೊಟ್ಟವು. 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ಅವರಿಗೆ, ಅಪರಿಚಿತರ ಮನೆಯ ವಿಷದ ತಿಂಡಿಯಿಂದ ಮಗು ಸತ್ತ ಅಥವಾ ತೀವ್ರವಾಗಿ ಅಸ್ವಸ್ಥಗೊಂಡ ಒಂದೇ ಒಂದು ಖಚಿತ ಪ್ರಕರಣವೂ ಸಿಕ್ಕಿಲ್ಲ. ಭಯದಿಂದ ಲಾಭವಾದದ್ದು ಪೊಟ್ಟಣ ಕಟ್ಟಿ ಮಾರುವವರಿಗೆ. ಅಷ್ಟರ ಮಟ್ಟಿಗೆ ನಿಮ್ಮ ಸಂಶಯದಲ್ಲೂ ಹುರುಳಿದೆ.

ಹಾಗೆಂದು ಮಗಳನ್ನು ದೂರಬೇಡಿ. ಶೇಂಗಾ ಅಲರ್ಜಿಯಿರುವ ಮಗುವಿನ ಪ್ರಾಣಕ್ಕೆ ಒಂದು ತುತ್ತೂ ಕುತ್ತಾಗಬಹುದು, ವೇಷದ ಹಿಂದಿರುವ ಮಗು ಯಾವುದೆಂದು ನಿಮಗೆ ತಿಳಿಯದು. 2014ರಿಂದೀಚೆಗೆ ಅಲ್ಲಿನ ಎಷ್ಟೋ ಮನೆಗಳವರು ಹಸಿರುಮಿಶ್ರಿತ ನೀಲಿ ಬಳಿದ ಕುಂಬಳಕಾಯಿಯನ್ನು ಬಾಗಿಲಲ್ಲಿಡುತ್ತಾರೆ. ತಿಂಡಿಯ ಬದಲು ಪುಟ್ಟ ಆಟಿಕೆಯೂ ಸಿಗುತ್ತದೆಂಬುದಕ್ಕೆ ಅದು ಗುರುತು.

ಪಾರ್ಕಿಂಗ್ ಜಾಗದ ವಿಷಯದಲ್ಲಿ ನಾವು ನಿಮ್ಮ ಕಡೆಗೇ ಇದ್ದೇವೆ. ಚರ್ಚು, ಶಾಲೆಗಳ ಅಂಗಳದಲ್ಲಿ ಕಾರಿನ ಡಿಕ್ಕಿ ಸಿಂಗರಿಸಿ, ಪರಿಚಿತರೇ ಪರಿಚಿತರ ಮಕ್ಕಳಿಗೆ ಮಿಠಾಯಿ ಹಂಚುವ ಏರ್ಪಾಟಿನಲ್ಲಿ ನೆರೆಮನೆಯ ಬಾಗಿಲು ತಟ್ಟುವ ಪ್ರಸಂಗವೇ ಬರುವುದಿಲ್ಲ. ಹಬ್ಬದ ಜೀವ ಇದ್ದದ್ದು ಅದರಲ್ಲೇ ಅಲ್ಲವೇ? ಮುಂದಿನ ಸಲ ಅಲ್ಲಿದ್ದರೆ ಮೊಮ್ಮಗಳ ಕೈಹಿಡಿದು, ಜಗಲಿಯ ದೀಪ ಉರಿಯುತ್ತಿರುವ ಮನೆಗಳಿಗೆ ನಡೆದೇ ಹೋಗಿಬನ್ನಿ. ರಸ್ತೆ ದಾಟುವಾಗ ಎಚ್ಚರವಿರಲಿ, ಆ ರಾತ್ರಿ ಮಕ್ಕಳಿಗೆ ನಿಜವಾಗಿ ಅಪಾಯ ಒದಗುವುದು ವಾಹನಗಳಿಂದ.

— ಸಂ.